ಅಜ್ಜನವರು ಮುಟ್ಟದ ಗಿಣ್ಣು

ಪೂಜ್ಯ ಮುಪ್ಪಯ್ಯ ಅಜ್ಜನವರ ಮಠವೆಂದರೆ ಹಿರೇಕೊಳ್ಳದ ಅಂಚಿಗೆ ಎರಡಂಕಣದ ಮಣ್ಣಿನ ಮನೆ, ಅಷ್ಟೇ. ಆ ಮುಂಜಾನೆ ಅವರು ಜಗುಲಿಯ ಮೇಲೆ ಮೊರ ಹಿಡಿದು ದಾಸೋಹದ ಜೋಳದಲ್ಲಿ ಹರಳು ಆರಿಸುತ್ತಾ ಕುಳಿತಿದ್ದರು.

ಆಗ ಬಂದಳು ನರ್ಸ್ ಕುಸುಮಾಬಾಯಿ. ಬಂದಳು ಎನ್ನುವುದಕ್ಕಿಂತ ನುಗ್ಗಿದಳು ಎನ್ನಬೇಕು. ಮಠ, ತೀರ್ಥ ಎಂದರೆ ಉರಿದು ಬೀಳುವ ಹೆಣ್ಣುಮಗಳು. ಹುಟ್ಟಿದ ಕೂಸನ್ನು ತಡಮಾಡದೆ ಎದೆಗೆ ಹಚ್ಚಿರಿ, ಮೊದಲ ಹಳದಿ ಹಾಲೇ ಅದಕ್ಕೆ ಕಾವಲು ಎಂದು ಹನ್ನೊಂದು ವರ್ಷ ಆ ಊರಲ್ಲಿ ಗಂಟಲು ಹರಿದುಕೊಂಡಿದ್ದಳು. ಯಾರು ಕೇಳಬೇಕು? ಗೋರ್ಕಲ್ಲ ಮೇಲೆ ಮಳೆ ಸುರಿದಂತೆ! ಆ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದು, ಮೂರನೆಯ ದಿನ ಮಠದ ತೀರ್ಥ ನಾಲಿಗೆಗೆ ಮುಟ್ಟಿಸುವ ತನಕ ಬರೀ ಸಕ್ಕರೆ ನೀರಿನ ಬತ್ತಿ ಚೀಪಿಸುವುದು ಊರಿನ ಪದ್ಧತಿ. ಆ ವರ್ಷವೇ ಎರಡು ಕೂಸು ಮಣ್ಣಿಗೆ ಹೋಗಿದ್ದವು. ಶಿವ ಕೊಟ್ಟ, ಶಿವ ಒಯ್ದ ಎಂದು ಊರು ಸುಮ್ಮನಾಗಿತ್ತು.

"ನಿಮ್ಮ ತೀರ್ಥದ ಹೆಸರಿನ್ಯಾಗ ಕೂಸು ಸಾಯಾಕತ್ಯಾವ್ರೀ ಅಜ್ಜಾರ! ದುಂಡವ್ವನ ಮೊಮ್ಮಗಳು ನಿನ್ನೆ ಹುಟ್ಟೇತಿ. ಅಂಗೈಯಷ್ಟು ಐತಿ. ಅಳೂ ದನಿನೂ ಉಡುಗೇತಿ. ಸೊಸಿ ಹಾಲು ಕೊಡತೀನಿ ಅಂದ್ರ ದುಂಡವ್ವ ಬಿಡವಲ್ಲಳು. ಅಜ್ಜಾರ ಪದ್ಧತಿ ಅಂತಾಳ!"

ಅಜ್ಜನವರ ಕೈಯ ಮೊರ ನಿಂತಿತು. "ನಾ ಯಾವಾಗ ಹೇಳಿದ್ನವ್ವಾ?"

"ಬ್ಯಾಡ ಅಂತನೂ ಹೇಳಲಿಲ್ಲಲ್ರೀ!"

ಅಜ್ಜನವರು ಮೊರ ಕೆಳಗಿಟ್ಟರು.

ಅಷ್ಟರಲ್ಲಿ ದುಂಡವ್ವನೇ ಬಂದಳು, ಕೈಯಲ್ಲಿ ಮುಚ್ಚಿದ ಬೋಗುಣಿ. ನರ್ಸನ್ನು ಕಂಡು ಮುಖ ಗಂಟಿಕ್ಕಿ, ಅಜ್ಜನವರಿಗೆ ಅಡ್ಡಬಿದ್ದಳು. "ಎಮ್ಮಿ ಈದೈತ್ರೀ ಅಜ್ಜಾ. ಬೆಲ್ಲ, ಏಲಕ್ಕಿ ಹಾಕಿ ಗಿಣ್ಣ ಮಾಡೀನಿ. ಮೊದಲ ನೀವು ಬಾಯಾಗ ಹಾಕ್ಕೋರಿ."

ಕುಸುಮಾಬಾಯಿಗೆ ಮೈಯೆಲ್ಲ ಉರಿಯಿತು. ಅಲ್ಲಿ ಕೂಸು ಬಾಯಿ ಬಾಯಿ ಬಿಡುತ್ತಿದೆ, ಇಲ್ಲಿ ಇವಳಿಗೆ ಗಿಣ್ಣಿನ ಸಡಗರ!

ಅಜ್ಜನವರು ಬೋಗುಣಿ ಮುಟ್ಟಲಿಲ್ಲ. "ಕರ ಕುಡೀತೇನು?"

"ಅಯ್ಯ, ಕುಡಿಸದ ಇರ್ತೀನೇನ್ರೀ? ಮೊದಲ ಹಾಲು ಕುಡೀದಿದ್ರ ಕರ ಬದುಕತೈತೇನು? ಅದರ ಹೊಟ್ಟಿ ತುಂಬಿಸಿ, ಉಳಿದದ್ದು ಹಿಂಡೀನಿ."

"ಮೊಮ್ಮಗಳು?"

"ಅದು... ಮಠದ ತೀರ್ಥ..."

ಅಜ್ಜನವರು ಒಳಗಿನಿಂದ ತೀರ್ಥದ ಬಟ್ಟಲು ತಂದು ಬಿಲ್ವದ ಬುಡಕ್ಕೆ ಸುರಿದುಬಿಟ್ಟರು. "ಕೂಸಿಗೆ ಆ ಹಾಲಿಗಿಂತ ದೊಡ್ಡ ತೀರ್ಥ ಇಲ್ಲ. ಅದು ಕುಡಿಯೂತನಕ ನನಗೂ ಹನಿ ನೀರು ಬ್ಯಾಡ."

"ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದು ದುಂಡವ್ವ ಹಣೆ ಬಡಿದುಕೊಂಡು, ಗಿಣ್ಣು ಅಲ್ಲೇ ಬಿಟ್ಟು ಓಡಿದಳು. ಹಿಂದೆಯೇ ಕುಸುಮಾಬಾಯಿ.

ಕೂಸು ಮೊದಲು ಬಾಯಿಯನ್ನೇ ತೆರೆಯಲಿಲ್ಲ. ಹನಿ ಹನಿ ಹಿಂಡಿ ತುಟಿಗೆ ಸವರಬೇಕಾಯಿತು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಎದೆ ಕಚ್ಚಿ, ಗುಟುಕು ಗುಟುಕಾಗಿ ಕುಡಿಯಿತು.

ಕುಸುಮಾಬಾಯಿ ತಿರುಗಿ ಬಂದಾಗ ಅಜ್ಜನವರು ಒಣಗಿದ ತುಟಿಯಲ್ಲೇ ಹರಳು ಆರಿಸುತ್ತಿದ್ದರು. "ಕುಡೀತ್ರೀ," ಎಂದಳು.

ಅಜ್ಜನವರು ಕಣ್ಣೊರೆಸಿಕೊಂಡರು. "ಇಷ್ಟು ವರ್ಷ ಎಲ್ಲಿದ್ದೆವ್ವಾ? ಮೊದಲ ಬಂದು ನನ್ನ ಬೈದಿದ್ದರ, ಆ ಎರಡೂ ಕೂಸು..."

ಹನ್ನೊಂದು ವರ್ಷ ಊರನ್ನೆಲ್ಲ ಬೈದವಳು, ಅಜ್ಜನವರಿಗೆ ಹೇಳಲೆಂದು ಆ ದಿನದ ತನಕ ಈ ಜಗುಲಿಯ ಬಳಿ ಒಮ್ಮೆಯೂ ಬಂದಿರಲಿಲ್ಲ. ಕುಸುಮಾಬಾಯಿ ಅಂಗಳದಲ್ಲೇ ಚಪ್ಪಲಿ ಬಿಟ್ಟು ಮೇಲೆ ಬಂದು, ಕೊಡದಿಂದ ತಂಬಿಗೆಗೆ ನೀರು ಬಗ್ಗಿಸಿ ಅಜ್ಜನವರ ಮುಂದೆ ಇಟ್ಟು, ಅವರ ಪಾದದ ಮೇಲೆ ಹಣೆಯಿಟ್ಟು ಗಳಗಳನೆ ಅತ್ತಳು.