ಭಿನ್ನರಾಶಿಯ ಪಾಲುಗಳು

ಹೊಳೆ ದಂಡೆಯ ಮಠವೊಂದರಲ್ಲಿ ನಾಗಭೂಷಣಯ್ಯನವರು ಗಣಿತ ಹೇಳಿಕೊಡುತ್ತಿದ್ದರು. ಅವರ ಶಿಷ್ಯ ಪಂಪಣ್ಣ ತೀರಿಕೊಂಡ ತಂಗಿಯ ದಿನಕರ್ಮ ಮುಗಿಸಿ ಪಾಠಕ್ಕೆ ಮರಳಿದ್ದ.

ತಂಗಿ ಶಾಂತವ್ವ ಅವನನ್ನು ನೋಡಲೆಂದು ಹೊಳೆ ದಾಟುವಾಗ ಹರಿಗೋಲು ಮಗುಚಿ ಸತ್ತಿದ್ದಳು. ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ಅಂಬಿಗ ಮಿತಿಮೀರಿ ಜನರನ್ನು ಹತ್ತಿಸಿಕೊಂಡಿದ್ದ.

ಗುರುಗಳು ಹಲಗೆಯ ಮೇಲೆ ಒಂದು ಭಿನ್ನರಾಶಿ ಬರೆದು ಅನುಕಲಿಸಲು ಹೇಳಿದರು. ಅದರ ಛೇದದಲ್ಲಿ ಹಲವು ಅಪವರ್ತನಗಳಿದ್ದವು. ಇಡಿಯಾಗಿ ಹಿಡಿದರೆ ಅದು ಬಗ್ಗುವುದಿಲ್ಲ. ಸಣ್ಣ ಭಿನ್ನರಾಶಿಗಳಾಗಿ ಬಿಡಿಸಿ, ಒಂದೊಂದರ ಪಾಲಿಗೆ ಎಷ್ಟು ಬರುತ್ತದೆಂದು ಮೊದಲು ಕಂಡುಕೊಳ್ಳಬೇಕು.

ಪಂಪಣ್ಣನಿಗೆ ಇದೆಲ್ಲ ಗೊತ್ತಿತ್ತು. ಆದರೂ ಎಲ್ಲವನ್ನೂ ಒಂದರ ಮೇಲೆಯೇ ಹಾಕಿ, ಉಳಿದವುಗಳ ಮೇಲೆ ಸೊನ್ನೆ ಬರೆದ.

ಗುರುಗಳು ಹಲಗೆ ನೋಡಿದರು. ಮನಸ್ಸು ಎಲ್ಲಿದೆ ಎಂದು ಕೇಳಿದರು.

ಪಂಪಣ್ಣ ತಲೆ ತಗ್ಗಿಸಿಯೇ ಹೇಳಿದ. ಆ ಮಧ್ಯಾಹ್ನ ನೀರು ಬಿಡುತ್ತಾರೆಂದು ಡಂಗುರ ಸಾರಿದ್ದು ಅವನಿಗೆ ಕೇಳಿಸಿತ್ತು. ತಂಗಿ ಬರುತ್ತಾಳೆಂದೂ ಗೊತ್ತಿತ್ತು. ದಂಡೆಗೆ ಓಡಿ ಕೂಗಿದ್ದರೆ ಅವಳು ಆಚೆ ದಡದಲ್ಲೇ ನಿಲ್ಲುತ್ತಿದ್ದಳು. ಅವನು ಲೆಕ್ಕ ಮಾಡುತ್ತಾ ಕುಳಿತಿದ್ದ.

“ಅವಳನ್ನು ಕೊಂದದ್ದು ನಾನೇ, ಗುರುಗಳೇ.”

ಗುರುಗಳು ಸಮಾಧಾನ ಹೇಳಲಿಲ್ಲ. ಅವನು ಬರೆದದ್ದನ್ನು ಅಂಗೈಯಿಂದ ಒರೆಸಿದರು.

“ಉಳಿದವೆಲ್ಲ ಸೊನ್ನೆಯಾಗುವಂಥ ಬೆಲೆಯನ್ನು ಚರಾಕ್ಷರಕ್ಕೆ ಹಾಕು. ಆಗ ಒಂದರ ಪಾಲು ಸಿಗುತ್ತದೆ. ಹಾಗೆ ಪ್ರತಿಯೊಂದನ್ನೂ ನೋಡು.”

ಪಂಪಣ್ಣ ನೋಡಿದ. ಯಾವುದರ ಪಾಲೂ ಸೊನ್ನೆ ಬರಲಿಲ್ಲ.

ಸೀಮೆಸುಣ್ಣ ಕೆಳಗಿಟ್ಟು ಕೇಳಿದ: “ನನ್ನ ಪಾಲು ಸೊನ್ನೆ ಅಂತ ಹೇಳುತ್ತೀರಾ?”

“ಇಲ್ಲ.”

ಹೊರಗೆ ಹೊಳೆ ಇನ್ನೂ ಕೆಂಪಗೆ ಹರಿಯುತ್ತಿತ್ತು. ಪಂಪಣ್ಣನ ಕಣ್ಣು ತುಂಬಿ ಬಂತು. ನೀರು ಬಿಟ್ಟವರದೊಂದು ಪಾಲು, ಅಂಬಿಗನದೊಂದು ಪಾಲು, ಮಿಕ್ಕದ್ದು ತನ್ನದು ಎಂದ.

“ಒಬ್ಬರನ್ನು ಬಿಟ್ಟೆ,” ಎಂದರು ಗುರುಗಳು.

ಪಂಪಣ್ಣ ಬೆರಳು ಮಡಚಿ ಮತ್ತೆ ಎಣಿಸಿದ. ಮೂವರೇ ಆದರು.

“ಆ ಡಂಗುರ ನನಗೂ ಕೇಳಿಸಿತ್ತು. ಏಳಲು ಹೊರಟ ನಿನ್ನನ್ನು, ಲೆಕ್ಕ ಮುಗಿಸಿ ಹೋಗು ಎಂದು ಕೂರಿಸಿದವನು ನಾನು. ನನ್ನ ಪಾಲನ್ನೂ ನಿನ್ನದಕ್ಕೆ ಸೇರಿಸಿಕೊಂಡರೆ ಉತ್ತರ ತಪ್ಪುತ್ತದೆ, ಪಂಪಣ್ಣ.”