ಜಗಲಿಯ ಕಟಾಂಜನ

ಆಶ್ರಮದ ಅಡುಗೆಮನೆಯ ಹಿಂದೆ, ನದಿಯ ಮೇಲಕ್ಕೆ ಚಾಚಿಕೊಂಡಂತೆ ಒಂದು ಮರದ ಜಗಲಿಯಿತ್ತು. ಬಿಸಿಲಿಗೆ, ಮಳೆಗೆ ಹಲಗೆಗಳು ಬೂದಿಬಣ್ಣಕ್ಕೆ ತಿರುಗಿದ್ದವು. ಮೊಳೆಗಳು ತಲೆ ಎತ್ತಿದ್ದವು. ಬೀಳದಂತೆ ಅಂಚಿಗೆ ಹಾಕಿದ್ದ ಕಟಾಂಜನ ಕೈಯಿಟ್ಟರೆ ಅಲ್ಲಾಡುತ್ತಿತ್ತು. ಕೆಳಗೆ ಬಂಡೆ, ಆಳವಾದ ಮಡು.

ಅಡುಗೆಯ ಗಿರಿಜಮ್ಮ ತನ್ನ ಎರಡು ವರ್ಷದ ಮೊಮ್ಮಗಳು ಭಾಗಿಯ ಸೊಂಟಕ್ಕೆ ಹಳೆಯ ಸೀರೆ ಸುತ್ತಿ, ಕಂಬಕ್ಕೆ ಕಟ್ಟಿ, ಆಮೇಲೆ ಒಲೆ ಹಚ್ಚುತ್ತಿದ್ದಳು. ಮಗು ದಿನವಿಡೀ ಸೀರೆಯನ್ನು ಜಗ್ಗುತ್ತಿತ್ತು, ಅಳುತ್ತಿತ್ತು.

ಧ್ಯಾನಕ್ಕೆ ಕೂತ ಶಿಷ್ಯ ನೀಲಕಂಠ ಎಷ್ಟು ಬಿಗಿಯಾಗಿ ಕಣ್ಣು ಮುಚ್ಚಿದರೂ ಆ ಅಳು ಒಳಗೆ ಬರುತ್ತಿತ್ತು. ಆಶ್ರಮ ಸೇರಿ ಮೂರು ವರ್ಷವಾಗಿತ್ತು. ಅವನ ನಂತರ ಬಂದವರಿಗೂ ಮಂತ್ರೋಪದೇಶವಾಗಿತ್ತು. ಅವನಿಗೆ ಆಗಿರಲಿಲ್ಲ.

"ಗುರುಗಳೇ, ನನಗೆ ಯಾವಾಗ?"

"ನೀನು ಬಡಗಿಯ ಮಗನಲ್ಲವೇ? ಜಗಲಿ ಸರಿಮಾಡು. ಗಿರಿಜಮ್ಮ ತಾನಾಗಿ ಆ ಸೀರೆ ಬಿಚ್ಚಿದ ದಿನ ಉಪದೇಶ."

"ಅಷ್ಟೇ ತಾನೇ?"

"ಅಷ್ಟೇ."

ನೀಲಕಂಠ ಅಂದೇ ಕೈಹಚ್ಚಿದ. ಹುಳು ತಿಂದ ಹಲಗೆಗಳನ್ನು ಕಿತ್ತು ಹೊಸದನ್ನು ಹಾಕಿದ. ಮೊಳೆಗಳನ್ನು ಬಡಿದು ಕೂರಿಸಿದ. ಉಪ್ಪುಕಾಗದ ಹಿಡಿದು ಉಜ್ಜಿ, ಅಗಸೆ ಎಣ್ಣೆ ಹಚ್ಚಿದ. ಎಂಟನೆಯ ದಿನ ಎರಡು ಅಡ್ಡಪಟ್ಟಿಗಳ ಹೊಸ ಕಟಾಂಜನ ನಿಂತಿತು.

ಗುರುಗಳು ಅಡುಗೆಮನೆಯಿಂದ ಒಂದು ಸುಲಿದ ತೆಂಗಿನಕಾಯಿ ತಂದು ಹಲಗೆಯ ಮೇಲೆ ಉರುಳಿಸಿದರು. ಅದು ಕೆಳಗಿನ ಪಟ್ಟಿಯಡಿ ನುಸುಳಿ ಮಡುವಿಗೆ ಬಿತ್ತು.

"ಸ್ವಾಮಿ, ಅದು ನಾಳೆ ಸಾರಿಗೆ ಇಟ್ಟಿದ್ದ ಕಾಯಿ" ಎಂದಳು ಗಿರಿಜಮ್ಮ.

"ಸಾರಿಗೆ ಇನ್ನೊಂದು ಕಾಯಿ ಇದೆ" ಎಂದು ಗುರುಗಳು ಹೊರಟುಹೋದರು.

ನೀಲಕಂಠ ಹಲ್ಲು ಕಚ್ಚಿಕೊಂಡು ಇನ್ನೂ ನಾಲ್ಕು ಅಡ್ಡಪಟ್ಟಿ ಬಡಿದ. ಗುರುಗಳು ಬಂದು, ಒಂದೊಂದೇ ಪಟ್ಟಿಯ ಮೇಲೆ ಕಾಲಿಟ್ಟು ಮೂರು ಮೆಟ್ಟಿಲು ಏರಿ ನಿಂತರು.

"ಏಣಿ ಗಟ್ಟಿಯಾಗಿದೆ."

ಗಿರಿಜಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಆ ವಾರ ನೀಲಕಂಠನಿಗೆ ಊಟ ರುಚಿಸಲಿಲ್ಲ. ಜಪಕ್ಕೆ ಕೂತರೆ ಮನಸ್ಸು ಪಟ್ಟಿಗಳನ್ನು ಎಣಿಸುತ್ತಿತ್ತು. ಎಲ್ಲವನ್ನೂ ಕಿತ್ತು, ಕಾಯಿ ತೂರದಷ್ಟು ಒತ್ತಾಗಿ ಉದ್ದಪಟ್ಟಿಗಳನ್ನು ನಿಲ್ಲಿಸಿದ. ಎತ್ತರವೂ ಹೆಚ್ಚಿತು. ನೆಲದ ಮೇಲೆ ಕೂತರೆ ನದಿ ಸರಿಯಾಗಿ ಕಾಣದು. ಅದಕ್ಕೆಂದು ಉಳಿದ ಮರದಲ್ಲಿ ಮೊಣಕಾಲೆತ್ತರದ ಪೀಠ ಮಾಡಿ, ಕಟಾಂಜನಕ್ಕೆ ಒರಗಿಸಿ ಇಟ್ಟುಕೊಂಡ.

"ಗಿರಿಜಮ್ಮ, ಇನ್ನು ಬಿಚ್ಚಿ."

ಗಿರಿಜಮ್ಮ ಗಂಟಿನ ಮೇಲೆ ಕೈಯಿಟ್ಟಳು. ಜಗಲಿಯತ್ತ ನೋಡಿದಳು. ಕೈ ತೆಗೆದಳು.

"ಇನ್ನೇನು ಕೊರತೆ?"

"ಅದೇನೋ ಗೊತ್ತಿಲ್ಲಪ್ಪ. ಬಿಚ್ಚೋಕೆ ಕೈ ಬರ್ತಿಲ್ಲ."

ನೀಲಕಂಠ ಸಿಟ್ಟಿನಿಂದ ಗುರುಗಳ ಬಳಿ ಹೋದ. "ಆಕೆಯ ಭಯಕ್ಕೆ ನಾನೇನು ಮಾಡಲಿ? ನಾನು ಮಾಡುವುದೆಲ್ಲ ಮುಗಿಯಿತು."

ಗುರುಗಳು ಎದ್ದು ಬಂದರು. ಕಂಬಕ್ಕೆ ಕಟ್ಟಿದ್ದ ಸೀರೆಯ ತುದಿಯನ್ನು ಬಿಚ್ಚಿ ಅವನ ಕೈಗಿತ್ತರು. "ಹಿಡಿದುಕೊ."

ಭಾಗಿ ಓಡಿತು. ನುಣ್ಣನೆಯ ಹಲಗೆಯ ಮೇಲೆ ಅಂಗೈ ಬಡಿದು ನಕ್ಕಿತು. ಪಟ್ಟಿಗಳ ನಡುವೆ ತಲೆ ತೂರಿಸಿ ನೋಡಿತು. ತೂರಲಿಲ್ಲ. ಹತ್ತಲೆಂದು ಕಾಲು ಊರಲು ನೋಡಿತು. ಜಾಗ ಸಿಗಲಿಲ್ಲ. ನೀಲಕಂಠ ಹೆಮ್ಮೆಯಿಂದ ಗುರುಗಳ ಕಡೆ ತಿರುಗಿದ.

ಅಷ್ಟರಲ್ಲಿ ಕೈಯಲ್ಲಿದ್ದ ಸೀರೆ ಬಿಗಿದುಕೊಂಡಿತು.

ಮಗು ಅವನ ಪೀಠದ ಮೇಲೆ ನಿಂತಿತ್ತು. ಎದೆ ಕಟಾಂಜನದ ಆಚೆ ಬಾಗಿತ್ತು.

ಅವನು ಎರಡು ಕೈಯಲ್ಲೂ ಸೀರೆ ಹಿಡಿದು ಓಡಿದ, ಮಗುವನ್ನು ಬಾಚಿ ಎತ್ತಿಕೊಂಡ. ಭಾಗಿ ನೀರಿನ ಕಡೆ ಬೆರಳು ತೋರಿಸಿ ನಗುತ್ತಿತ್ತು.

"ಅದು... ಧ್ಯಾನಕ್ಕೆ ಅಂತ ಮಾಡಿಕೊಂಡಿದ್ದು."

ಗುರುಗಳು ಪೀಠದತ್ತ ನೋಡಿದರು.

ನೀಲಕಂಠ ಮಗುವನ್ನು ಇಳಿಸಿ, ಪೀಠವನ್ನು ಹೊತ್ತು ಅಡುಗೆಮನೆಯೊಳಗೆ ಇಟ್ಟ. ಗಿರಿಜಮ್ಮ ಅದರ ಮೇಲೆ ಕೂತು ನೋಡಿದಳು. ಸೊಂಟಕ್ಕೆ ಹಿತವಾಗಿತ್ತು. ಆಮೇಲೆ ಭಾಗಿಯನ್ನು ಹತ್ತಿರ ಕರೆದು, ಸೊಂಟದ ಗಂಟು ಬಿಚ್ಚಿ, ಸೀರೆಯನ್ನು ಮಡಿಸಿ ಗೂಡಿನಲ್ಲಿಟ್ಟು ಬೇಳೆ ತೊಳೆಯಲು ಹೋದಳು.

ನೀಲಕಂಠ ಜಗಲಿಯ ಬರಿಯ ಹಲಗೆಯ ಮೇಲೆ ಕೂತ. ಉಪದೇಶದ ಮಾತೆತ್ತಲು ಅವನಿಗೆ ನಾಚಿಕೆಯಾಯಿತು.

ಗುರುಗಳು ಬಂದು ಪಕ್ಕದಲ್ಲಿ ಕುಳಿತು, ಅವನ ಕಿವಿಯತ್ತ ಬಾಗಿದರು. ಮೂರು ವರ್ಷ ಕಾದಿದ್ದ ಗಳಿಗೆ. ನೀಲಕಂಠ ಕೈಮುಗಿದು, ಬಿಗಿಯಾಗಿ ಕಣ್ಣು ಮುಚ್ಚಿದ.

"ಕಣ್ಣು ತೆರೆ" ಎಂದರು ಗುರುಗಳು. "ಮಗು ಆಡುತ್ತಿದೆ."