ವರ್ತಕ ಕೊಂಡ ಹಿತ್ತಲು

“ಹೀರೆ ಬಳ್ಳಿ ಚಪ್ಪರಕ್ಕೆ ಹಬ್ಬಿತಾ?”

ನನ್ನ ಹೆಂಡತಿ ಪುಟ್ಟತಾಯಿ ಕೊನೆಯದಾಗಿ ಆಡಿದ ಮಾತು ಇದು. ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಳು. ಹಬ್ಬೈತೆ ಅಂದೆ. ನಾನು ನೋಡಿರಲಿಲ್ಲ. ಅವಳು ತಲೆ ಆಡಿಸಿ ಕಣ್ಣು ಮುಚ್ಚಿದಳು.

ಮಣ್ಣು ಮಾಡಿ ಬಂದ ಮೇಲೆ ಹಿತ್ತಲಿಗೆ ಹೋಗಿ ನೋಡಿದೆ. ಬಳ್ಳಿ ಹಬ್ಬಿತ್ತು. ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಅಲ್ಲೇ ಕೂತುಬಿಟ್ಟೆ.

ನಾನು ಗಾರೆ ಕೆಲಸದವನು. ಓದಿದ್ದು ನಾಲ್ಕನೇ ಕ್ಲಾಸು. ಇಟ್ಟಿಗೆ ಗೊತ್ತು, ಸಿಮೆಂಟು ಗೊತ್ತು. ಗಿಡ ಗೊತ್ತಿರಲಿಲ್ಲ. ಮನೆಯ ಹಿಂದೆ ಹತ್ತು ಅಡಿಗೆ ಇಪ್ಪತ್ತು ಅಡಿ ಜಾಗ. ಅಷ್ಟರಲ್ಲೇ ಪುಟ್ಟತಾಯಿ ಹದಿನೆಂಟು ವರ್ಷ ತರಕಾರಿ ಬೆಳೆದಳು. ಬದನೆ, ಬೆಂಡೆ, ಹೀರೆ, ದಂಟು. ಈರುಳ್ಳಿ, ಆಲೂಗಡ್ಡೆ ಬಿಟ್ಟರೆ ನಾವು ಸಂತೆಯಲ್ಲಿ ಹೆಚ್ಚೇನೂ ಕೊಳ್ಳುತ್ತಿರಲಿಲ್ಲ. ಅವಳದು ಅಂತ ಮನೆಯಲ್ಲಿ ಉಳಿದದ್ದರಲ್ಲಿ ಜೀವ ಇದ್ದದ್ದು ಆ ಹಿತ್ತಲು ಒಂದಕ್ಕೇ. ಅದನ್ನು ಉಳಿಸಿಕೊಳ್ಳಬೇಕು ಅಂದುಕೊಂಡೆ.

ಅವಳು ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟಿದ್ದ ಬೀಜ ತೆಗೆದು ಹಾಕಿದೆ. ಮೊದಲ ಸಲ ಚೆನ್ನಾಗಿಯೇ ಬಂತು. ನಾನು ಕಲಿತೆ ಅಂದುಕೊಂಡೆ. ಎರಡನೇ ಸಲ ಬೆಂಡೆ ಮೊಣಕಾಲಿಗೆ ಬಂದು ನಿಂತುಹೋಯಿತು. ಬದನೆ ಎಲೆ ಹಳದಿಯಾಯಿತು. ಹೇನು ಹತ್ತಿತು. ಬೇವಿನ ಎಣ್ಣೆ ಹೊಡೆದೆ. ಹೇನು ಹೋಯಿತು, ಗಿಡ ಏಳಲಿಲ್ಲ. ಒಂದು ಮೂಟೆ ಕೊಟ್ಟಿಗೆ ಗೊಬ್ಬರ ತಂದು ಸುರಿದೆ. ನಾಲ್ಕು ಹೊಸ ಎಲೆ ಬಿಟ್ಟಿತು, ಮತ್ತೆ ಮುಖ ಬಾಡಿಸಿಕೊಂಡಿತು.

ಪುಟ್ಟತಾಯಿಯ ತಮ್ಮ ಚೆನ್ನಂಜಪ್ಪ ಪಕ್ಕದ ಬೀದಿಯವನು. ಬಂದು ನೋಡಿದ.

“ಭಾವ, ಗೋಡೆ ಕಟ್ಟೋರಿಗೆ ಗಿಡದ ಸಾವಾಸ ಯಾಕೆ? ಒಂದು ಲೋಡು ಜಲ್ಲಿ ಹೊಡ್ಸಿ ಕಾಂಕ್ರೀಟ್ ಹಾಕ್ಬಿಡಿ. ಸ್ಕೂಟ್ರಾದ್ರೂ ನಿಲ್ಲುತ್ತೆ.”

“ನಿಮ್ಮಕ್ಕನ ಹಿತ್ತಲು ಕಣೋ ಇದು.”

“ಅಕ್ಕನೇ ಇಲ್ವಲ್ಲ ಭಾವ. ಈ ಒಣಕಡ್ಡಿ ನೋಡ್ಕೊಂಡು ದಿನಾ ನೀವೂ ಒಣಗ್ತಾ ಇದೀರಿ.”

ಅವನು ಹೇಳಿದ್ದು ಕೆಟ್ಟದ್ದಕ್ಕಲ್ಲ. ಸರಿ ಅಂದೆ. ಶನಿವಾರ ಜಲ್ಲಿ ಬಂದು ಬಾಗಿಲ ಮುಂದೆ ಬಿತ್ತು. ಸೋಮವಾರ ಬೆಳಿಗ್ಗೆ ಕಲಸುವುದು ಅಂತ ಮಾತಾಯಿತು. ನಡುವೆ ಒಂದು ಭಾನುವಾರ ಇತ್ತು.

ನಮ್ಮೂರಿನಲ್ಲಿ ಮುದ್ದುವೀರಯ್ಯ ಅಂತ ಇದ್ದಾರೆ. ಸರ್ಕಾರಿ ಸಸಿತೋಟದಲ್ಲಿ ಮೂವತ್ತು ವರ್ಷ ಮಾಲಿಯಾಗಿದ್ದವರು. ಮನೆಯಲ್ಲಿ ತರಕಾರಿ ಬೆಳೆಯುವವರು ಭಾನುವಾರ ಅವರ ಅಂಗಳದ ಹೊಂಗೆ ಮರದ ಕೆಳಗೆ ಸೇರುತ್ತಾರೆ. ಮೇಷ್ಟ್ರೇ ಅಂತ ಕರೆಯುತ್ತಾರೆ. ಸಣ್ಣದು ಕೇಳಿದರೆ ಮದ್ದು ಹೇಳುತ್ತಾರೆ. ದೊಡ್ಡದು ಕೇಳಿದರೆ ಕತೆ ಹೇಳುತ್ತಾರೆ. ನಾನು ಹೋಗಿ ಹಿಂದೆ ಕೂತೆ.

ಒಬ್ಬ ಹೆಂಗಸು ಮೆಣಸಿನ ಗಿಡದ ಎಲೆ ಹಿಡಿದು ತೋರಿಸಿದಳು. “ಮುದುರ್ಕೊಂಡೈತೆ ಮೇಷ್ಟ್ರೇ.”

“ಹುಳಿ ಮಜ್ಜಿಗೆಗೆ ನೀರು ಬೆರೆಸಿ ಚಿಮುಕಿಸಮ್ಮ. ಎಲೆ ಅಡಿಗೂ ಬೀಳಬೇಕು.”

“ಮಜ್ಜಿಗೆ ಹುಳಿಯಾಗೋವರೆಗೂ ನಮ್ಮತ್ತೆ ಬಿಡ್ಬೇಕಲ್ಲ!”

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು.

“ಮೇಷ್ಟ್ರೇ, ಮಾಡೋದೆಲ್ಲಾ ಮಾಡಿದೀನಿ. ಹಿತ್ತಲು ಯಾಕೆ ಬರ್ತಿಲ್ಲ? ನಾಳೆ ಕಾಂಕ್ರೀಟ್ ಹಾಕೋದು ಅಂತ ಆಗೈತೆ. ಹಾಕ್ಲಾ, ಬೇಡ್ವಾ?” ಅಂದೆ.

ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಅಂತ ಕೇಳಿದರು. ಆರು ಗಂಟೆ ಅಂದೆ. ನೀರು ಹಾಕುವ ಮುಂಚೆ ಮಣ್ಣಿಗೆ ಬೆರಳು ಇಳಿಸಿ ನೋಡುತ್ತೀರಾ ಅಂದರು. ಎರಡು ಗೆಣ್ಣು ಇಳಿಸಿ ನೋಡುತ್ತೇನೆ, ತೇವ ಇದ್ದರೆ ಹಾಕುವುದಿಲ್ಲ ಅಂದೆ. ಬೀಜ ಯಾವುದು ಅಂದರು. ನಮ್ಮ ಮನೆಯವಳು ತೀರಿಕೊಳ್ಳುವ ಮುಂಚೆ ಇಟ್ಟಿದ್ದು ಅಂದೆ.

“ಎಲ್ಲಾ ಸರಿ ಇದೆ” ಅಂದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಅವನ ಹಿತ್ತಲಲ್ಲಿ ವರ್ಷವಿಡೀ ತರಕಾರಿ ಬೆಳೆಯುತ್ತಿತ್ತು. ಅದನ್ನು ನೋಡಿ ಪೇಟೆಯ ಒಬ್ಬ ವರ್ತಕ ಆಸೆಪಟ್ಟ. ರೈತ ಹೊಲದ ಹತ್ತಿರ ಬೇರೆ ಮನೆ ಕಟ್ಟಿಕೊಂಡು ಹಳೆಯ ಮನೆಯನ್ನೂ ಹಿತ್ತಲನ್ನೂ ಅವನಿಗೆ ಮಾರಿದ. ವರ್ತಕ ಜಾಣ. ರೈತನನ್ನು ಕೂರಿಸಿಕೊಂಡು ಎಲ್ಲವನ್ನೂ ಕೇಳಿ ತಿಳಿದುಕೊಂಡ. ಬೀಜ ಎಷ್ಟು ಆಳಕ್ಕೆ ಇಡಬೇಕು, ಗಿಡದಿಂದ ಗಿಡಕ್ಕೆ ಎಷ್ಟು ಗೇಣು, ನೀರು ಯಾವ ಹೊತ್ತಿಗೆ. ರೈತ ತನಗೆ ಗೊತ್ತಿದ್ದದ್ದನ್ನು ಒಂದೂ ಬಿಡದೆ ಹೇಳಿದ.

ರೈತ ಹೇಳಿದಂತೆಯೇ ವರ್ತಕ ಮಾಡಿಸಿದ. ಮೊದಲ ಸಲ ಬುಟ್ಟಿ ತುಂಬಿತು. ಎರಡನೇ ಸಲ ಅರ್ಧ ಬುಟ್ಟಿ. ಮೂರನೇ ಸಲ ಬುಟ್ಟಿಯನ್ನು ಹೊರಗೆ ತರಬೇಕಾಗಲೇ ಇಲ್ಲ. ಅವನಿಗೆ ಸಿಟ್ಟು ಬಂತು. ರೈತನನ್ನು ಕರೆಸಿದ.

“ನೀನು ಏನೋ ಒಂದನ್ನು ಮುಚ್ಚಿಟ್ಟೆ.”

“ಇಲ್ಲ ಸ್ವಾಮಿ. ನೋಡೋಣ ಬನ್ನಿ” ಅಂದ ರೈತ.

ಮಣ್ಣು ಕೆದಕಿದ. ಗಟ್ಟಿಯಾಗಿತ್ತು. ಒಂದು ಎರೆಹುಳವೂ ಇರಲಿಲ್ಲ. ಬೀಜ ನೋಡಿದ, ಸಾಲು ನೋಡಿದ. ಅವೆರಡೂ ಸರಿಯಾಗಿದ್ದವು. ಮಣ್ಣು ಹೀಗಾದದ್ದಕ್ಕೆ ಅವನಿಗೂ ಕಾರಣ ಹೊಳೆಯಲಿಲ್ಲ.

ಮಧ್ಯಾಹ್ನವಾಯಿತು. ವರ್ತಕ ವಾಸವಿದ್ದದ್ದು ಪೇಟೆಯಲ್ಲಿ. ಈ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಪೇಟೆಯಿಂದ ಬುತ್ತಿ ಬಂತು. ಇಬ್ಬರೂ ಬಾಳೆಲೆ ಹಾಕಿಕೊಂಡು ಉಂಡರು. ರೈತ ಉಂಡ ಎಲೆ ಮಡಚಿಕೊಂಡು ಎದ್ದು, ಮೊದಲಿನ ಅಭ್ಯಾಸದಂತೆ ಹಿತ್ತಲ ಮೂಲೆಗೆ ನಡೆದ. ಅಲ್ಲಿ ಒಂದು ಕಲ್ಲುಬೆಂಚು ಇತ್ತು. ಎಲೆ ಹಿಡಿದುಕೊಂಡು ನಿಂತೇ ಇದ್ದ.

“ಸ್ವಾಮಿ, ಇಲ್ಲಿ ಒಂದು ಗುಂಡಿ ಇತ್ತು.”

“ಕಸದ ಗುಂಡಿ ತಾನೇ? ಮುಚ್ಚಿಸಿ ಬೆಂಚು ಹಾಕಿಸಿದೆ.”

ರೈತ ಕೈಯಲ್ಲಿದ್ದ ಎಲೆಯನ್ನು ಬೆಂಚಿನ ಮೇಲಿಟ್ಟ. ಆಮೇಲೆ ಹೇಳಿದ. “ಹಾಗಾದರೆ ಮುಚ್ಚಿಟ್ಟೆ ಸ್ವಾಮಿ. ಗೊತ್ತಿಲ್ಲದೆ ಮುಚ್ಚಿಟ್ಟೆ. ತರಕಾರಿ ಹೆಚ್ಚಿದ ಸಿಪ್ಪೆ, ತೊಟ್ಟು, ನಾರು ಎಲ್ಲವನ್ನೂ ನನ್ನ ಹೆಂಡತಿ ಇದರೊಳಗೆ ಹಾಕುತ್ತಿದ್ದಳು. ಮೇಲೆ ಎರಡರಷ್ಟು ಒಣಗಿದ ಎಲೆ ಮುಚ್ಚುತ್ತಿದ್ದಳು. ನಾಲ್ಕು ತಿಂಗಳಿಗೆ ಅದು ಕಪ್ಪಗೆ ಪುಡಿಪುಡಿಯಾಗಿ, ಹೊಸ ಮಳೆ ಬಿದ್ದ ನೆಲದ ವಾಸನೆ ಬರುತ್ತಿತ್ತು. ಅದನ್ನು ಗಿಡದ ಬುಡಕ್ಕೆ ಹರಡುತ್ತಿದ್ದಳು. ಅದು ಅವಳ ಅಡುಗೆಮನೆ ಕೆಲಸ ಅಂದುಕೊಂಡಿದ್ದೆ. ಬೇಸಾಯ ನನ್ನದು ಅಂದುಕೊಂಡಿದ್ದೆ. ನೀವು ಬೇಸಾಯ ಕೇಳಿದಿರಿ. ನಾನು ನನ್ನದನ್ನು ಮಾತ್ರ ಹೇಳಿದೆ.”

“ಅಷ್ಟೇ ತಾನೇ? ಹತ್ತು ಗಾಡಿ ಗೊಬ್ಬರ ಹೊಡೆಸುತ್ತೇನೆ.”

“ಹೊಡೆಸಿ. ಒಂದು ಬೆಳೆ ಬರುತ್ತದೆ. ಆದರೆ ಒಂದು ದಿನ ಹಬ್ಬದೂಟ ಹಾಕಿ ಕಳಿಸುವುದಕ್ಕೆ ಮಣ್ಣೇನು ನೆಂಟನಲ್ಲ. ಅದು ಮನೆಯ ಆಸಾಮಿ. ಒಳಗೆ ಉಣ್ಣುವವರಿದ್ದರೆ ಹೊರಗೆ ಅದೂ ಉಣ್ಣುತ್ತದೆ.”

ಮೇಷ್ಟ್ರು ಕತೆ ನಿಲ್ಲಿಸಿದರು.

ನನಗೆ ಪೂರ್ತಿ ತಲೆಗೆ ಹೋಗಲಿಲ್ಲ. “ಗೊಬ್ಬರ ನಾನೂ ಒಂದು ಮೂಟೆ ಹಾಕಿದೀನಲ್ಲ ಮೇಷ್ಟ್ರೇ. ಇನ್ನೂ ಎಷ್ಟು ಹಾಕ್ಲಿ?” ಅಂದೆ.

ಅವರು ನನ್ನ ಮುಖ ನೋಡಿದರು.

“ನಿಮ್ಮ ಮನೇಲಿ ಒಲೆ ಹಚ್ಚಿ ಎಷ್ಟು ದಿನ ಆಯ್ತು?”

ಬೆಳಿಗ್ಗೆ ಹೋಟೆಲ್ಲಿನ ಇಡ್ಲಿ. ಮಧ್ಯಾಹ್ನ ಕೆಲಸದ ಜಾಗದಲ್ಲಿ ಏನು ಸಿಕ್ಕಿದರೆ ಅದು. ರಾತ್ರಿ ಚೆನ್ನಂಜಪ್ಪನ ಮನೆಯ ಕ್ಯಾರಿಯರ್. ಹನ್ನೊಂದು ತಿಂಗಳು ಹೀಗೇ ನಡೆದಿತ್ತು. ಮರದ ಕೆಳಗೆ ಕೂತಿದ್ದವರು ಯಾರೂ ನನ್ನ ಕಡೆ ನೋಡಲಿಲ್ಲ. ಎದ್ದು ಬಂದೆ.

ಸಂಜೆ ಚೆನ್ನಂಜಪ್ಪ ಬಂದ. “ಬೆಳಿಗ್ಗೆ ಎಷ್ಟೊತ್ತಿಗೆ ಕಲಸೋದು ಭಾವ?”

“ಕಲಸೋದಿಲ್ಲ. ಜಲ್ಲಿ ನಿನ್ನ ಸೈಟಿಗೆ ಹೊಡಿಸ್ಕೋ. ನಾಳೆಯಿಂದ ಕ್ಯಾರಿಯರ್ ಕಳಿಸ್ಬೇಡ.”

“ಯಾಕೆ ಭಾವ, ನಮ್ಮೋಳ ಸಾರು ಕೆಟ್ಟಿತ್ತಾ?”

“ಚೆನ್ನಾಗಿತ್ತು ಕಣೋ. ಸಿಪ್ಪೆಯೆಲ್ಲಾ ನಿಮ್ಮನೇಲೇ ಉಳೀತದೆ.”

ಅವನಿಗೆ ಅರ್ಥವಾಗಲಿಲ್ಲ. ನನ್ನ ಹಣೆ ಮುಟ್ಟಿ ನೋಡಿ ಹೋದ.

ಮಾರನೇ ದಿನ ಬೇಗ ಎದ್ದೆ. ಒಲೆ ಮೇಲಿನ ಧೂಳು ಒರೆಸಿದೆ. ಅಂಗಡಿಯಿಂದ ಒಂದು ಸೋರೆಕಾಯಿ ತಂದೆ. ಸಿಪ್ಪೆ ಹೆರೆಯುವುದು ಗೊತ್ತಿರಲಿಲ್ಲ, ದಪ್ಪ ದಪ್ಪ ಬಂತು. ಬೇಳೆ ಇಟ್ಟೆ. ಅನ್ನ ತಳ ಹಿಡಿಯಿತು. ಸಾರಿಗೆ ಉಪ್ಪು ಜಾಸ್ತಿಯಾಯಿತು. ಸಾರು ಕುದಿಯುತ್ತಿರುವಾಗಲೇ, ಪುಟ್ಟತಾಯಿ ಸಿಪ್ಪೆ ಹಾಕುತ್ತಿದ್ದ ಹಿತ್ತಲ ಮೂಲೆಯಲ್ಲಿ ಒಂದು ಮೊಳ ಅಗೆದು, ಸಿಪ್ಪೆಯನ್ನೂ ತಿರುಳನ್ನೂ ಸುರಿದು, ಎರಡು ಮಂಕರಿ ಒಣ ಎಲೆ ಮುಚ್ಚಿದೆ. ಕೈ ತೊಳೆದುಕೊಂಡು ಒಳಗೆ ಬಂದು ತಟ್ಟೆಗೆ ಬಡಿಸಿಕೊಂಡು, ಎಲ್ಲವನ್ನೂ ಉಂಡೆ.